ಋಣಮುಕ್ತಿಯ ಅನಂತರ ಗೃಹಸ್ಥನ ಕರ್ತವ್ಯ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಅಂಗವಾಗಿ ಜರುಗಿದ ಶ್ರಾವಕ-ಶ್ರಾವಿಕಾ ಗೋಷ್ಠಿಯಲ್ಲಿ ಮಾಡಿದ ಭಾಷಣ)

  

ಇಂದು ಬೆಳಿಗ್ಗೆ ಈ ಮಂಟಪದಲ್ಲಿ ದೀಕ್ಷಾಕಲ್ಯಾಣದ ವಿಧಿಗಳು ನೆರವೇರಿದವು. ರಾಜ್ಯ, ಕೋಶ, ಒಡವೆ, ವಸ್ತ್ರಗಳನ್ನೆಲ್ಲ ತೊರೆದು ಹೊರಟ ಮಹಾತ್ಮನ ಪ್ರಸಂಗವನ್ನು ಕಣ್ಣಾರೆ ಕಂಡು, ಅದೇ ದಿನ ಅಪರಾಹ್ನ ಮನೆಯ ಜಮಾಖರ್ಚಿನ ವಿಷಯ ಮಾತನಾಡುವುದು ಉಚಿತವೇ ಎಂಬ ಸಂಕೋಚ ನನಗಿತ್ತು. ಆದರೆ ಮುನಿಗಳಿಗೆ ಸರ್ವಪರಿಗ್ರಹ ತ್ಯಾಗವನ್ನು ವಿಧಿಸಿದ ಧರ್ಮವೇ ಗೃಹಸ್ಥರಾದ ನಮಗೆ ಪರಿಗ್ರಹ ಪರಿಮಾಣವನ್ನು ವಿಧಿಸಿದೆ. ಅವರದು ತ್ಯಾಗ, ನಮ್ಮದು ಮಿತಿ. ಆದ್ದರಿಂದ ಈ ದಿನವೇ ಈ ವಿಷಯಕ್ಕೆ ತಕ್ಕ ದಿನವೆಂದು ಸಮಾಧಾನ ತಂದುಕೊಂಡಿದ್ದೇನೆ. ನಾನು ಪಂಡಿತನಲ್ಲ. ಹತ್ತನೆಯ ತರಗತಿ ಮುಗಿಸಿ ಅಂಗಡಿಯ ಗಲ್ಲಾದ ಮುಂದೆ ಕುಳಿತವನು. ಶಾಸ್ತ್ರದ ಮಾತುಗಳಲ್ಲಿ ಕೊರತೆಯಿದ್ದರೆ ಪೂಜ್ಯರು ತಿದ್ದಬೇಕೆಂದು ಪ್ರಾರ್ಥಿಸುತ್ತೇನೆ.

ಸಾಲ ಮಾಡಬಾರದು ಎಂದು ಹೇಳುವವರು ಬಹಳ ಮಂದಿ ಇದ್ದಾರೆ. ಸಾಲ ತೀರಿಸುವ ಬಗೆಯನ್ನು ಹೇಳುವವರೂ ಇದ್ದಾರೆ. ಸಾಲ ತೀರಿದ ಮಾರನೆಯ ದಿನದಿಂದ ಹೇಗೆ ಬಾಳಬೇಕು ಎಂಬುದನ್ನು ಹೇಳುವವರು ವಿರಳ. ಒಂದು ಮನೆಯು ಮತ್ತೆ ಸಾಲಕ್ಕೆ ಬೀಳುವುದೋ ಇಲ್ಲವೋ ಎಂಬುದು ನಿಶ್ಚಯವಾಗುವುದು ಆಗಲೇ ಎಂಬುದು ವ್ಯಾಪಾರದಲ್ಲಿ ನಾನು ಕಂಡ ಸಂಗತಿ. ಸಾಲವಿರುವಾಗ ಮನೆಮಂದಿಯೆಲ್ಲ ಕೈ ಬಿಗಿಹಿಡಿದಿರುತ್ತಾರೆ. ಸಾಲಿಗನ ಭಯವೇ ಅಲ್ಲಿ ವ್ರತದ ಕೆಲಸ ಮಾಡುತ್ತದೆ. ಭಯ ಹೋದೊಡನೆ ಕೈ ಸಡಿಲಾಗುತ್ತದೆ. “ಇಷ್ಟು ವರ್ಷ ಕಷ್ಟಪಟ್ಟೆವು, ಇನ್ನಾದರೂ ಸ್ವಲ್ಪ ಅನುಭವಿಸೋಣ” ಎಂಬ ಮಾತು ಹುಟ್ಟುತ್ತದೆ. ಮಾತಿನಲ್ಲಿ ತಪ್ಪಿಲ್ಲ. ಆದರೆ ಆ ‘ಸ್ವಲ್ಪ’ಕ್ಕೆ ಅಳತೆ ಇಡದಿದ್ದರೆ ಎರಡು ಮೂರು ವರ್ಷಗಳಲ್ಲಿ ಹೊಸ ಪತ್ರಕ್ಕೆ ಹಳೆಯ ಸಹಿಯೇ ಬೀಳುತ್ತದೆ. ಭಯದಿಂದ ಬಂದ ಮಿತವ್ಯಯವನ್ನು ಇಚ್ಛೆಯಿಂದ ಬಂದ ಮಿತವ್ಯಯವನ್ನಾಗಿ ಪರಿವರ್ತಿಸಿಕೊಳ್ಳುವುದೇ ಋಣಮುಕ್ತ ಗೃಹಸ್ಥನ ಮೊದಲ ಕರ್ತವ್ಯ.

ಈ ಪರಿವರ್ತನೆಗೆ ನಮ್ಮ ಧರ್ಮದಲ್ಲಿ ಸಿದ್ಧಮಾರ್ಗವುಂಟು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹವೆಂದರೆ ಮೂರ್ಛೆ, ಅಂದರೆ ವಸ್ತುವಿನ ಮೇಲಣ ಮಮತೆ, ಎಂದು ತಿಳಿಸಿದ್ದಾರೆ. ಹೊಲ-ಮನೆ, ಬೆಳ್ಳಿ-ಬಂಗಾರ, ಧನ-ಧಾನ್ಯಗಳಿಗೆ ತಾನೇ ಹಾಕಿಕೊಂಡ ಪ್ರಮಾಣವನ್ನು ಮೀರುವುದನ್ನು ಅತಿಚಾರಗಳಲ್ಲಿ ಎಣಿಸಿದ್ದಾರೆ. ಇಲ್ಲಿ ‘ತಾನೇ’ ಎಂಬುದನ್ನು ಗಮನಿಸಬೇಕು. ಮಿತಿಯನ್ನು ಸಾಲಿಗನು ಹಾಕುವುದಲ್ಲ, ಶ್ರಾವಕನು ಸ್ವಂತ ಬುದ್ಧಿಯಿಂದ ಹಾಕಿಕೊಳ್ಳುವುದು. ಇದು ಬಡತನದ ವ್ರತವಲ್ಲ. ನ್ಯಾಯದಿಂದ ಸಂಪಾದಿಸುವುದಕ್ಕೆ ಅಡ್ಡಿಯೂ ಇಲ್ಲ.

ಭೋಗೋಪಭೋಗ ಪರಿಮಾಣವೆಂಬ ವ್ರತವೂ ಈ ಸಂದರ್ಭದಲ್ಲಿ ಬಹಳ ಉಪಯುಕ್ತ. ಒಮ್ಮೆ ಬಳಸಿದರೆ ಮುಗಿಯುವ ಅನ್ನ, ಪುಷ್ಪ, ಗಂಧಾದಿಗಳು ಭೋಗ. ಮತ್ತೆ ಮತ್ತೆ ಬಳಸುವ ವಸ್ತ್ರ, ಆಭರಣ, ವಾಹನಾದಿಗಳು ಉಪಭೋಗ. ವ್ಯಾಪಾರಿಯ ಕಣ್ಣಿನಿಂದ ನೋಡಿದರೆ ಈ ವಿಭಾಗದಲ್ಲಿ ದೊಡ್ಡ ಲೆಕ್ಕವೊಂದು ಅಡಗಿದೆ. ಭೋಗದ ಖರ್ಚು ಅಂದಿಗೇ ಮುಗಿಯುತ್ತದೆ. ಉಪಭೋಗದ ಖರ್ಚು ಕೊಂಡ ದಿನ ಪ್ರಾರಂಭವಾಗುತ್ತದೆ. ಕಾರು ಕೊಂಡವನು ಕಾರಿನ ಬೆಲೆಯನ್ನಷ್ಟೇ ಕೊಡುವುದಿಲ್ಲ. ಪೆಟ್ರೋಲು, ವಿಮೆ, ಟಯರು, ದುರಸ್ತಿ ಎಲ್ಲವನ್ನೂ ವರ್ಷ ವರ್ಷ ಕೊಡುತ್ತಾನೆ. ದೊಡ್ಡ ಮನೆ ಕಟ್ಟಿದವನು ಪ್ರತಿ ಮಳೆಗಾಲಕ್ಕೂ ಅದರ ಕಾಣಿಕೆ ಸಲ್ಲಿಸುತ್ತಾನೆ. ಆದ್ದರಿಂದ ಉಪಭೋಗದ ಒಂದು ವಸ್ತುವನ್ನು ಮನೆಗೆ ತರುವ ಮೊದಲು ಬೆಲೆಯನ್ನು ಕೇಳಿದರೆ ಸಾಲದು, ಅದರ ವಾರ್ಷಿಕ ವೆಚ್ಚವನ್ನೂ ಕೇಳಬೇಕು.

ನಾನು ಕಣ್ಣಾರೆ ಕಂಡ ಒಂದು ನಿದರ್ಶನವನ್ನು ಹೇಳುತ್ತೇನೆ. ನನ್ನ ತೀರ್ಥರೂಪರದು ಜಿನಸಿನ ಅಂಗಡಿ. ಎರಡು ಮಳೆಗಾಲ ಎಡೆಬಿಡದೆ ಅಡಕೆಗೆ ಕೊಳೆರೋಗ ಬಂದು, ಗಿರಾಕಿಗಳ ಬಾಕಿ ವಸೂಲಾಗದೆ, ಮಂಗಳೂರಿನ ಸಗಟು ವ್ಯಾಪಾರಿಗಳಿಗೆ ಕೊಡಬೇಕಾದ ಹಣಕ್ಕಾಗಿ ಅವರು ಬಡ್ಡಿಸಾಲ ಮಾಡಬೇಕಾಯಿತು. ಅದನ್ನು ಏಳು ವರ್ಷಗಳಲ್ಲಿ ತಿಂಗಳಿಗೆ 600 ರೂಪಾಯಿಗಳ ಕಂತಿನಂತೆ ತೀರಿಸಿದರು. ಕೊನೆಯ ಕಂತು ಸಂದಾಯವಾದ ದಿನ ಮನೆಯಲ್ಲಿ ಪಾಯಸವಾಯಿತು. ಮುಂದಿನ ತಿಂಗಳ ಅದೇ ತಾರೀಕಿಗೆ ನನ್ನ ತಾಯಿಯವರು ತಂದೆಯವರ ಮುಂದೆ ನಿಂತು, “ಈ ತಿಂಗಳ ಕಂತು ಎಲ್ಲಿ?” ಎಂದು ಕೇಳಿದರು. ತಂದೆಯವರು ನಕ್ಕರು. ತಾಯಿಯವರು ನಗಲಿಲ್ಲ. “ಏಳು ವರ್ಷ ಪರರಿಗೆ ಕೊಟ್ಟೆವು, ಆಗ ನಾವು ಉಪವಾಸ ಬೀಳಲಿಲ್ಲ. ಇನ್ನು ನಮಗೆ ನಾವೇ ಕೊಟ್ಟುಕೊಂಡರೆ ಉಪವಾಸ ಬೀಳುತ್ತೇವೆಯೆ?” ಎಂದರು. ಅಂದಿನಿಂದ ಆ 600 ರೂಪಾಯಿ ಬ್ಯಾಂಕಿನ ಖಾತೆಗೆ ಹೋಗತೊಡಗಿತು. ಮೂರು ವರ್ಷಕ್ಕೆ ಬಡ್ಡಿಯನ್ನು ಬಿಟ್ಟೇ 21,600 ರೂಪಾಯಿಗಳಾದವು. ನಾಲ್ಕನೆಯ ವರ್ಷ ತಂದೆಯವರಿಗೆ ಶಸ್ತ್ರಚಿಕಿತ್ಸೆ ಅನಿವಾರ್ಯವಾಯಿತು. ಹಳೆಯ ಸಾಲಿಗರು ಸುದ್ದಿ ತಿಳಿದು, ಹಣ ಬೇಕಾದರೆ ಪತ್ರ ತರಬಹುದೆಂದು ತಾವಾಗಿ ಹೇಳಿಕಳುಹಿಸಿದರು. ಬೇಡವೆಂದು ವಿನಯದಿಂದ ಉತ್ತರ ಕೊಡುವ ಶಕ್ತಿ ನಮಗಿತ್ತು. ಮನೆ ಉಳಿಯಿತು, ಅಂಗಡಿ ಉಳಿಯಿತು, ತಂದೆಯವರೂ ಉಳಿದರು.

ಇಲ್ಲಿ ತಾಯಿಯವರು ಖರ್ಚನ್ನು ಹೊಸದಾಗಿ ಕಡಿಮೆ ಮಾಡಲಿಲ್ಲ ಎಂಬುದು ಮುಖ್ಯ. ಇದ್ದ ಅಭ್ಯಾಸವನ್ನು ಬಿಡದೆ ಕಾಪಾಡಿದರು, ಅಷ್ಟೆ. ಇಂದಿನ ಲೆಕ್ಕದಲ್ಲಿ ಹೇಳುವುದಾದರೆ, ತಿಂಗಳಿಗೆ 25,000 ರೂಪಾಯಿ ಖರ್ಚಿರುವ ಮನೆಯು 8,000 ರೂಪಾಯಿಗಳ ಕಂತನ್ನು ತೀರಿಸಿ ಮುಗಿಸಿತೆಂದು ಭಾವಿಸೋಣ. ಅದೇ 8,000ವನ್ನು ತನಗೆ ತಾನೇ ಕಟ್ಟುತ್ತ ಹೋದರೆ 19 ತಿಂಗಳುಗಳಲ್ಲಿ 1,52,000 ರೂಪಾಯಿಗಳಾಗುತ್ತವೆ, ಎಂದರೆ ಆರು ತಿಂಗಳ ಸಂಸಾರದ ಖರ್ಚು. ಈ ಆಪದ್ಧನ ಪೂರ್ಣವಾಗುವವರೆಗೆ ಚಿನ್ನ, ನಿವೇಶನ, ಶೇರು ಮುಂತಾದ ಮಾತುಗಳನ್ನು ಎತ್ತದಿರುವುದು ಲೇಸು. ಆಪದ್ಧನವಿಲ್ಲದ ಮನೆಯಲ್ಲಿ ಪ್ರತಿಯೊಂದು ಆಪತ್ತೂ ಸಾಲವಾಗುತ್ತದೆ.

ಸಣ್ಣ ಹಣವೆಂದು ಉದಾಸೀನ ಸಲ್ಲದು. ನಮ್ಮ ಕರಾವಳಿಯ ಜನಕ್ಕೆ ಪಿಗ್ಮಿ ಎಂಬ ಮಾತು ಚಿರಪರಿಚಿತ. 1925ರಲ್ಲಿ ಉಡುಪಿಯಲ್ಲಿ ಸ್ಥಾಪನೆಯಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು 1928ರಲ್ಲಿ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಸಂಗ್ರಹಿಸುವ ಯೋಜನೆಯನ್ನು ಪ್ರಾರಂಭಿಸಿತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ದಿನದ ಆದಾಯವುಳ್ಳವನು ದಿನವೇ ಉಳಿಸಬೇಕೆಂಬ ಅದರ ಪಾಠ ವಿಲೀನವಾಗಿಲ್ಲ.

ಸಾಲ ತೀರಿದ ಕೂಡಲೇ ಮಾಡಬೇಕಾದ ಕಾಗದಪತ್ರದ ಕೆಲಸವೂ ಇದೆ. ಹಣ ಕಟ್ಟಿದ ಮಾತ್ರಕ್ಕೆ ಋಣ ಹರಿಯಿತೆಂದು ತಿಳಿಯಬಾರದು. ಬಾಕಿ ಇಲ್ಲವೆಂಬ ಪತ್ರವನ್ನು ಬರಹದಲ್ಲಿ ಪಡೆಯಬೇಕು. ಖಾಲಿ ಚೆಕ್ಕು, ಪ್ರಾಮಿಸರಿ ನೋಟುಗಳನ್ನು ಹಿಂದಕ್ಕೆ ತರಬೇಕು. ಮನೆಯ ಮೇಲಿನ ಸಾಲವಾದರೆ ಉಪನೋಂದಣಾಧಿಕಾರಿಗಳ ಕಚೇರಿಯ ಋಣಭಾರ ಪ್ರಮಾಣಪತ್ರದಲ್ಲಿ ಹಳೆಯ ಸಾಲದ ಬಿಡುಗಡೆ ನಮೂದಾಗಿದೆಯೆ ಎಂದೂ, ಜಮೀನಿನ ಸಾಲವಾದರೆ ಪಹಣಿಯಲ್ಲಿ ಹಳೆಯ ಸಾಲದ ನಮೂದು ತೆಗೆದುಹಾಕಲ್ಪಟ್ಟಿದೆಯೆ ಎಂದೂ ನೋಡಬೇಕು. ಬ್ಯಾಂಕುಗಳಿಂದ ಪಡೆದ ಗೃಹಸಾಲ ಮೊದಲಾದ ವೈಯಕ್ತಿಕ ಸಾಲ ಪೂರ್ಣ ತೀರಿದ ಮೇಲೆ 30 ದಿನಗಳೊಳಗಾಗಿ ಮೂಲ ಪತ್ರಗಳನ್ನು ಹಿಂದಿರುಗಿಸಬೇಕೆಂದೂ, ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿಗಳಂತೆ ಪರಿಹಾರ ಕೊಡಬೇಕೆಂದೂ ರಿಸರ್ವ್ ಬ್ಯಾಂಕು 2023ರಲ್ಲಿ ಆದೇಶಿಸಿದೆ. ಈ ಹಕ್ಕನ್ನು ತಿಳಿದಿರಬೇಕು. ನಮಗೆ ಜಾಮೀನು ನಿಂತವರ ಮನೆಗೆ ಹೋಗಿ “ತಮ್ಮ ಹೊಣೆ ತೀರಿತು” ಎಂದು ಹೇಳಿ ಬರುವುದು ಯಾವ ಆದೇಶದಲ್ಲಿಯೂ ಇಲ್ಲ. ಅದು ಕೃತಜ್ಞತೆಯ ಧರ್ಮ.

ಇನ್ನು ನಿತ್ಯದ ಲೆಕ್ಕ. ನಮ್ಮ ಹಿರಿಯರು ಅಂಗಡಿಯಲ್ಲಿ ರೋಜುಕಿರ್ದಿ ಬರೆದು, ಶಿಲ್ಕು ತಾಳೆ ನೋಡದೆ ದೀಪ ಆರಿಸುತ್ತಿರಲಿಲ್ಲ. ಅಂಗಡಿಗೆ ಇರುವ ಈ ಶಿಸ್ತು ಮನೆಗೇಕೆ ಬೇಡ? ಮೊಬೈಲಿನಿಂದ ಹಣ ಕೊಡುವ ಈ ದಿನಗಳಲ್ಲಿ ನೋಟು ಕೈ ಬಿಟ್ಟು ಹೋಗುವಾಗಿನ ನೋವು ಇಲ್ಲವಾಗಿದೆ. ಸಂಜೆ ಪ್ರತಿಕ್ರಮಣದಲ್ಲಿ ದಿನದ ದೋಷಗಳನ್ನು ನೆನೆಯುವಂತೆ, ಒಂದು ಪುಸ್ತಕದಲ್ಲಿ ದಿನದ ಖರ್ಚನ್ನು ಬರೆದರೆ ಆ ಅರಿವು ಮರಳಿ ಬರುತ್ತದೆ. ವ್ಯಾಪಾರಿ ಬಂಧುಗಳಿಗೆ ಇನ್ನೊಂದು ಮಾತು: ಅಂಗಡಿಯ ಗಲ್ಲಾ ಬೇರೆ, ಮನೆಯ ಪೆಟ್ಟಿಗೆ ಬೇರೆ ಇರಲಿ. ಯಜಮಾನನೂ ತಿಂಗಳಿಗೆ ಇಂತಿಷ್ಟೆಂದು ಸಂಬಳ ಪಡೆದು ಮನೆ ನಡೆಸಲಿ. ಗಲ್ಲಾದಲ್ಲಿ ಕಾಣುವ ಹಣವೆಲ್ಲ ಲಾಭವಲ್ಲ. ಅದರಲ್ಲಿ ಬಹುಪಾಲು ನಾಳೆ ಸಗಟು ವ್ಯಾಪಾರಿಗೆ ಸಲ್ಲಬೇಕಾದದ್ದು. ಆದಾಯದ ಒಂದು ಪಾದ ನಿಧಿಗೆ, ಒಂದು ಪಾದ ವ್ಯಾಪಾರಕ್ಕೆ, ಒಂದು ಪಾದ ಧರ್ಮ ಮತ್ತು ಭೋಗಕ್ಕೆ, ಒಂದು ಪಾದ ಆಶ್ರಿತರ ಪೋಷಣೆಗೆ ಎಂಬ ಹಿಂದಿನವರ ವಿಭಾಗಕ್ರಮವನ್ನು ಇಂದು ಅಕ್ಷರಶಃ ಪಾಲಿಸಲಾಗದಿರಬಹುದು. ಆದರೆ ಖರ್ಚಾಗಿ ಉಳಿದದ್ದು ನಿಧಿಯಲ್ಲ, ಮೊದಲೇ ಎತ್ತಿಟ್ಟದ್ದು ನಿಧಿ ಎಂಬ ಅದರ ಅಭಿಪ್ರಾಯವನ್ನು ಪಾಲಿಸಬಹುದು.

ಬಡ್ಡಿಯ ಭಾಷೆಯನ್ನು ನಮ್ಮ ತರುಣರು ಕಲಿಯಬೇಕು. ನೂರಕ್ಕೆ ಎರಡು ರೂಪಾಯಿ ಎಂದರೆ ಕೇಳಲು ಹಗುರ. ಅದು ತಿಂಗಳ ಬಡ್ಡಿಯಾದರೆ ವರ್ಷಕ್ಕೆ 24 ಆಯಿತು. ಕಟ್ಟದೆ ಬಿಟ್ಟು ಬಡ್ಡಿಗೆ ಬಡ್ಡಿ ಸೇರಿದರೆ ಮೂರು ವರ್ಷದೊಳಗೆ ಒಂದು ಲಕ್ಷ ಎರಡು ಲಕ್ಷವಾಗುತ್ತದೆ. ಕ್ರೆಡಿಟ್ ಕಾರ್ಡಿನಲ್ಲಿ ‘ಕನಿಷ್ಠ ಮೊತ್ತ’ ಮಾತ್ರ ಕಟ್ಟಿ ಉಳಿದದ್ದನ್ನು ಮುಂದೂಡಿದರೆ ತಿಂಗಳಿಗೆ ನೂರಕ್ಕೆ ಮೂರೂವರೆ ರೂಪಾಯಿಯಷ್ಟು ಬಡ್ಡಿ ಬೀಳುವುದುಂಟು; ವರ್ಷಕ್ಕೆ 42. ಇಷ್ಟು ಬಡ್ಡಿಯನ್ನು ಊರಿನ ಸಾಲಿಗನು ಕೇಳಿದ್ದರೆ ನಾವು ಪಂಚಾಯಿತಿ ಸೇರಿಸುತ್ತಿದ್ದೆವು. ಉಳಿತಾಯವನ್ನು ಇಡುವಾಗಲೂ ವಿವೇಕವಿರಲಿ. ಬ್ಯಾಂಕಿನ ಠೇವಣಿಗೆ 2020ರಿಂದ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿಗಳವರೆಗೆ ವಿಮೆಯುಂಟು. ಸಹಕಾರಿ ಬ್ಯಾಂಕಿಗೂ ಅದು ಅನ್ವಯಿಸುತ್ತದೆ, ಸಹಕಾರಿ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ. ಅರ್ಧ ಶೇಕಡಾ ಬಡ್ಡಿ ಹೆಚ್ಚೆಂದು ಜೀವಮಾನದ ಗಂಟನ್ನೆಲ್ಲ ಒಂದೇ ಕಡೆ ಇಡುವುದು ಸಲ್ಲದು.

ಋಣಮುಕ್ತನಾದವನ ಬಳಿಗೆ ಜಾಮೀನು ಕೇಳುವವರು ಬರುತ್ತಾರೆ. ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ ಎಂದು 1872ರ ಕರಾರು ಕಾಯಿದೆ ಹೇಳುತ್ತದೆ. ಸಾಧರ್ಮಿ ಬಂಧುವಿಗೆ ನೆರವಾಗುವುದು ವಾತ್ಸಲ್ಯದ ಅಂಗ, ಅದನ್ನು ಬಿಡಬಾರದು. ಆದರೆ ಹತ್ತು ಲಕ್ಷಕ್ಕೆ ಸಹಿ ಹಾಕಿ ನಿದ್ದೆಗೆಡುವುದಕ್ಕಿಂತ, ಶಕ್ತಿಯಿದ್ದಷ್ಟು ಹಣವನ್ನು ಮರಳಿ ಬರುವ ನಿರೀಕ್ಷೆಯಿಲ್ಲದೆ ಕೊಟ್ಟುಬಿಡುವುದು ಇಬ್ಬರಿಗೂ ಶ್ರೇಯಸ್ಕರ.

ಕೊನೆಯದಾಗಿ ಒಂದು ಮಾತು, ಅದನ್ನು ಈ ಮಂಟಪದಲ್ಲಿಯೇ ಹೇಳಬೇಕಾಗಿದೆ. ಮದುವೆಯ ಆಡಂಬರಕ್ಕೆ ಸಾಲ ಮಾಡುವುದು ತಪ್ಪೆಂದು ನಾವೆಲ್ಲರೂ ಒಪ್ಪುತ್ತೇವೆ. ಕಲಶದ ಸವಾಲಿನಲ್ಲಿ ನೆರೆಯವರ ಮುಂದೆ ಸೋಲಬಾರದೆಂದು ಶಕ್ತಿಮೀರಿ ಕೂಗಿ, ಆಮೇಲೆ ಬಾಕಿ ಉಳಿಸಿಕೊಳ್ಳುವುದೂ ತಪ್ಪೇ. ಹೇಳಿದ ದಾನವೂ ಒಂದು ಋಣ. ಅದಕ್ಕೆ ಬಡ್ಡಿ ಇಲ್ಲದಿರುವುದರಿಂದಲೇ ಅದನ್ನು ಮೊದಲು ತೀರಿಸಬೇಕು. ಸಾಲ ಮಾಡಿ ದಾನ ಕೊಡೆಂದು ಜಿನಧರ್ಮ ಯಾರಿಗೂ ಹೇಳಿಲ್ಲ. ಶ್ರವಣಬೆಳಗೊಳದಲ್ಲಿ ಚಾವುಂಡರಾಯನು ಕೊಡಗಟ್ಟಲೆ ಹಾಲೆರೆದರೂ ಗೊಮ್ಮಟಸ್ವಾಮಿಯ ಪಾದದವರೆಗೆ ಇಳಿಯದಿದ್ದ ಅಭಿಷೇಕವು ಗುಳ್ಳಕಾಯಜ್ಜಿಯ ಅಂಗೈಯಗಲದ ಗುಳ್ಳಕಾಯಿಯ ಹಾಲಿನಿಂದ ಪೂರ್ಣವಾಯಿತೆಂಬ ಐತಿಹ್ಯವನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಆ ಅಜ್ಜಿಯ ಮೂರ್ತಿಯನ್ನು ಬಾಹುಬಲಿಯ ಎದುರಿನಲ್ಲಿಯೇ ನಿಲ್ಲಿಸಿದ್ದಾರೆ. ಆಕೆ ಆ ಹಾಲನ್ನು ಸಾಲ ತಂದಿರಲಿಲ್ಲವೆಂದೇ ನನ್ನ ನಂಬಿಕೆ.

ಆದಕಾರಣ ತಮ್ಮಲ್ಲಿ ನನ್ನ ವಿನಂತಿ ಇಷ್ಟೆ. ಸಾಲ ತೀರಿದವರು ಕಂತನ್ನು ನಿಲ್ಲಿಸದಿರಿ, ಅದನ್ನು ಪಡೆಯುವವರು ತಾವಾಗಿರಿ. ಸಾಲ ಇನ್ನೂ ಇರುವವರು ಕುಗ್ಗದಿರಿ. ತಾವು ಇಂದು ಕಲಿಯುತ್ತಿರುವ ಶಿಸ್ತೇ ನಾಳಿನ ಬಂಡವಾಳ. ಪ್ರತಿಯೊಬ್ಬರೂ ಈ ಪ್ರತಿಷ್ಠೆಯ ನೆನಪಿಗಾಗಿ, ಮನೆಯ ತಾಯಂದಿರೊಡನೆ ಕುಳಿತು ಆಲೋಚಿಸಿ, ಯಾವುದಾದರೊಂದು ವಸ್ತುವಿಗೆ ಒಂದು ವರ್ಷದ ಪರಿಮಾಣವನ್ನು ಪೂಜ್ಯರ ಸಮ್ಮುಖದಲ್ಲಿ ಸ್ವೀಕರಿಸಿರಿ. ಸೀರೆಯ ಸಂಖ್ಯೆಯಾಗಲಿ, ಹೊರಗಿನ ಊಟವಾಗಲಿ, ಒಡವೆಯಾಗಲಿ, ಚಿಕ್ಕದಾದರೂ ಚಿಂತೆಯಿಲ್ಲ, ಪಾಲಿಸುವಂಥದಾಗಿರಲಿ.



ಜಯ ಜಿನೇಂದ್ರ.