ಎಳ್ಳು ಬೆಲ್ಲವೂ ರಜೆಯ ಹಕ್ಕೂ

(ಸಂಕ್ರಾಂತಿ ಕೂಟದ ಏರ್ಪಾಡಿಗಾಗಿ ದೆಹಲಿಯಲ್ಲಿ ಸೇರಿದ್ದ ಕನ್ನಡ ಕೆಲಸಗಾರರ ಸಭೆಯಲ್ಲಿ ಆಡಿದ ಮಾತುಗಳು)



ಸಂಕ್ರಾಂತಿಗೆ ಚಂದಾ ಎತ್ತಬೇಕೋ ಬೇಡವೋ ಎಂದು ಹೋದ ವಾರ ನಮ್ಮಲ್ಲೇ ಎರಡು ಪಕ್ಷವಾಯಿತು. ಸಮಾಜವಾದ ಹೇಳುವವರಿಗೆ ಹಬ್ಬದ ಗೊಡವೆ ಏಕೆ ಎಂದರು ಕೆಲವರು. ಊರು ಬಿಟ್ಟು ಬಂದವರು ಹಬ್ಬವನ್ನೂ ಬಿಟ್ಟರೆ ಉಳಿಯುವುದೇನು ಎಂದರು ಉಳಿದವರು. ಇಬ್ಬರ ಮಾತಿನಲ್ಲೂ ಹುರುಳಿದೆ. ಅದಕ್ಕಾಗಿ ಈ ನಾಲ್ಕು ಮಾತು.

ನಾವು ಓದಿದ್ದು ಮಿಡ್ಲ್ ಸ್ಕೂಲಿನವರೆಗೆ. ಉಳಿದದ್ದನ್ನು ಹೋಟೆಲು ಕಲಿಸಿತು. ಮಾಣಿಯಾಗಿದ್ದಾಗ ಒಂದು ಸಂಕ್ರಾಂತಿಯ ಬೆಳಗ್ಗೆ ಧಣಿಗಳು ಗಲ್ಲಾದ ಮುಂದೆ ಪೂಜೆ ಮಾಡಿಸಿ, ನಮ್ಮ ಕೈಗೆ ಒಂದೊಂದು ಹಿಡಿ ಎಳ್ಳು ಬೆಲ್ಲ ಹಾಕಿ, "ಒಳ್ಳೇ ಮಾತಾಡಿ" ಎಂದರು. ಅಂದು ಗಿರಾಕಿ ಹೆಚ್ಚು. ಮುಂಜಾನೆ ಐದಕ್ಕೆ ನಿಂತವರು ರಾತ್ರಿ ಹನ್ನೊಂದಕ್ಕೆ ಕುಳಿತೆವು. ತಟ್ಟೆ ತೊಳೆಯುವ ಹುಡುಗನ ಬೆರಳು ತಣ್ಣೀರಿನಲ್ಲಿ ಬಿರಿದು ರಕ್ತ ಬಂದಿತ್ತು. ಹೆಚ್ಚಿನ ಗಂಟೆಗಳ ಕೂಲಿ ಕೇಳಿದರೆ, "ಹಬ್ಬದ ದಿನ ಲೆಕ್ಕ ಕೇಳುತ್ತೀಯೇನೋ?" ಎಂಬ ಉತ್ತರ ಬಂತು. ಬೆಲ್ಲ ಬಾಯಲ್ಲಿ ಕರಗುವ ಮೊದಲೇ ಒಳ್ಳೇ ಮಾತು ಮುಗಿದಿತ್ತು.

ಇದು ಎಳ್ಳಿನ ತಪ್ಪಲ್ಲ. ಎಳ್ಳು ಬೆಳೆದವನು ರೈತ, ಆಲೆಮನೆಯಲ್ಲಿ ಬೆಲ್ಲ ಕಾಯಿಸಿದವನು ಕೂಲಿ. ಸಂಕ್ರಾಂತಿ ಸುಗ್ಗಿಯ ಹಬ್ಬ. ಮೈಸೂರು ಸೀಮೆಯಲ್ಲಿ ಅಂದು ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸುತ್ತಾರೆ. ದುಡಿದ ಎತ್ತಿಗೆ ಅಂದು ನೊಗವಿಲ್ಲ. ಎತ್ತಿಗೆ ಸಿಕ್ಕ ರಜೆ ಮಾಣಿಗೆ ಸಿಕ್ಕಬಾರದೇ?

ಮಾರ್ಕ್ಸ್ ಮಹಾಶಯ ಧರ್ಮವನ್ನು ಅಫೀಮಿಗೆ ಹೋಲಿಸಿದನೆಂದು ಎಲ್ಲರೂ ಹೇಳುತ್ತಾರೆ. 1844ರಲ್ಲಿ ಅಚ್ಚಾದ ಅದೇ ಬರಹದಲ್ಲಿ ಅವನು ಅದನ್ನು ನೊಂದವರ ನಿಟ್ಟುಸಿರೆಂದೂ ಕರೆದಿದ್ದಾನೆ. ನಿಟ್ಟುಸಿರು ಬಿಡುವವನನ್ನು ನಕ್ಕು ಹೀಯಾಳಿಸುವುದು ನಮ್ಮ ಕೆಲಸವಲ್ಲ. ಅವನ ನೋವಿನ ಕಾರಣ ಹುಡುಕುವುದು ನಮ್ಮ ಕೆಲಸ.

ಈ ದೆಹಲಿಯ ಬಾಗಿಲಲ್ಲೇ ನಡೆದದ್ದನ್ನು ನೆನೆಯೋಣ. 2020ರ ನವೆಂಬರ್ ಕೊನೆಯಿಂದ ರೈತರು ಸಿಂಘು, ಟಿಕ್ರಿ ಗಡಿಗಳಲ್ಲಿ ಕೊರೆಯುವ ಚಳಿಯಲ್ಲಿ ಕುಳಿತರು. 2021ರ ಜನವರಿ 13ರಂದು ಲೋಹ್ರಿ ಬಂತು. ಆ ರಾತ್ರಿ ಹಬ್ಬದ ಬೆಂಕಿಗೆ ಎಳ್ಳಿನ ಜೊತೆ ಮೂರು ಕೃಷಿ ಕಾಯಿದೆಗಳ ಪ್ರತಿಗಳೂ ಬಿದ್ದವು. ಲೋಹ್ರಿಯ ಹಾಡಿನಲ್ಲಿ ಬರುವ ದುಲ್ಲಾ ಭಟ್ಟಿ ಅಕ್ಬರನ ಕಾಲದ ಬಂಡಾಯಗಾರ. ಉಳ್ಳವರಿಂದ ಕಿತ್ತು ಇಲ್ಲದವರಿಗೆ ಕೊಟ್ಟವನೆಂದು ಜನ ನೆನೆಯುತ್ತಾರೆ. ಅವನು ಮುಸಲ್ಮಾನ, ಹಾಡುವವರು ಸಿಖ್ಖರು, ಹಿಂದೂಗಳು. ಅಲ್ಲಿನ ಲಂಗರಿನಲ್ಲಿ ಯಾರ ಜಾತಿಯನ್ನೂ ಕೇಳದೆ ಒಂದೇ ಪಂಕ್ತಿಯಲ್ಲಿ ಬಡಿಸಿದರು. ಅದೇ ವರ್ಷ ನವೆಂಬರ್ 19ರಂದು, ಗುರುನಾನಕ್ ಜಯಂತಿಯ ದಿನ, ಕಾಯಿದೆ ಹಿಂತೆಗೆಯುವುದಾಗಿ ಸರ್ಕಾರ ಸಾರಿತು. ಹಬ್ಬ ಮಾಡಿದ್ದರಿಂದ ಗೆದ್ದರೆಂದು ನಾವು ಹೇಳುವುದಿಲ್ಲ. ವರ್ಷವಿಡೀ ಬಿಡದೆ ಕುಳಿತು ಗೆದ್ದರು. ಆದರೆ ಹಬ್ಬ ಅವರನ್ನು ಒಟ್ಟಿಗೆ ಇಟ್ಟಿತು.

ಇನ್ನು ನಮ್ಮ ತಪ್ಪು. ಹೋದ ಡಿಸೆಂಬರ್ 25ರಂದು ಮಂಗಳೂರು ಕಡೆಯ ನಮ್ಮ ಕ್ರೈಸ್ತ ಸಂಗಾತಿಯೊಬ್ಬ ಇಗರ್ಜಿಗೆ ಹೋಗಲಾರದೆ, ಗಿರಾಕಿಗಳಿಗೆ ಕೇಕು ಹಂಚುತ್ತಾ ಓಡಾಡಿದ. "ನಿನ್ನ ಪಾಳಿ ನಾವು ಹೊರುತ್ತೇವೆ, ಹೋಗಿ ಬಾ" ಎಂದು ನಮ್ಮಲ್ಲಿ ಒಬ್ಬರೂ ಅನ್ನಲಿಲ್ಲ. ಧಣಿಯನ್ನು ದೂರುವ ನಾವು ಇದಕ್ಕೇನು ಹೇಳೋಣ?

ಆದ್ದರಿಂದ ನಮ್ಮ ಸೂಚನೆ ಇಷ್ಟು. ಸಂಕ್ರಾಂತಿ ಮಾಡೋಣ. ಚಂದಾ ಇಷ್ಟವಿದ್ದವರದು, ಧಣಿಗಳ ಹಣ ಬೇಡ. ಪೂಜೆ ಮಾಡುವವರು ಮನೆಯಲ್ಲಿ ಮಾಡಲಿ, ಸಂಘದಲ್ಲಿ ಒಂದೇ ಪಂಕ್ತಿ ಇರಲಿ. ಅಂದು ಹೋಟೆಲಿನ ಭಟ್ಟರೂ ಕ್ಲೀನರ್ ಹುಡುಗರೂ ಕುಳಿತು ಉಣ್ಣಲಿ, ಪದಾಧಿಕಾರಿಗಳು ಬಡಿಸಲಿ. ಎಳ್ಳು ಬೀರುವಾಗ ಗಂಡನಿಲ್ಲದ ತಾಯಂದಿರನ್ನು ದಾಟಿ ಹೋಗುವ ಪದ್ಧತಿ ನಮ್ಮಲ್ಲಿ ಬೇಡ. 1996ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದ ದೆಹಲಿಯ ಗಿರಣಿಗಳು ಮುಚ್ಚಿದಾಗ ಸಂಸಾರದ ಭಾರ ಹೊತ್ತ ತಾಯಂದಿರು ನಮ್ಮ ನಡುವೆ ಇದ್ದಾರೆ; ಮೊದಲ ಹಿಡಿ ಅವರಿಗೇ ಸಲ್ಲಲಿ. ಉಳಿದ ಹಣದಲ್ಲಿ, ಹೋಟೆಲಿನ ಅಟ್ಟದಲ್ಲಿ ಮಲಗುವ ಹುಡುಗರಿಗೆ ಕಂಬಳಿ ಕೊಳ್ಳೋಣ. ಕ್ರಿಸ್‌ಮಸ್, ಈದ್, ಸಂಕ್ರಾಂತಿ ಮೂರಕ್ಕೂ ಪಾಳಿ ಬದಲಿಸುವ ಪಟ್ಟಿ ಈಗಲೇ ಬರೆಯೋಣ.

ಹಬ್ಬದ ಮಾರನೆಯ ದಿನ ಎಲ್ಲರೂ ರಜೆಯ ಅರ್ಜಿಗೆ ಸಹಿ ಹಾಕೋಣ. 1954ರ ದೆಹಲಿ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ವಾರಕ್ಕೊಮ್ಮೆ ಎಡೆಬಿಡದ 24 ಗಂಟೆಗಳ ವಿಶ್ರಾಂತಿ ಕೊಡಬೇಕೆನ್ನುತ್ತದೆ. ಅದು ಧಣಿಗಳ ದಾನವಲ್ಲ, ನಮ್ಮ ಹಕ್ಕು. ಅದನ್ನು ಕೇಳುವುದೂ ಒಳ್ಳೇ ಮಾತೇ.

ಎಳ್ಳು ಬೆಲ್ಲ ತಿಂದು ಆ ಮಾತನ್ನು ಗಟ್ಟಿಯಾಗಿ ಆಡೋಣ.