ಎಣ್ಣೆ ಹೀರಬೇಕು, ನೀರು ಬಿಡಬೇಕು

ಚೆನ್ನೈಯಲ್ಲಿರುವ ನಮಗೆ ಎಣ್ಣೂರು ಅಂದ ಕೂಡಲೇ ಎರಡು ಘಟನೆ ನೆನಪಾಗುತ್ತವೆ. 2017ರ ಜನವರಿ 28ರಂದು ಕಾಮರಾಜರ್ ಬಂದರಿನ ಹತ್ತಿರ ಎರಡು ಹಡಗು ಡಿಕ್ಕಿ ಹೊಡೆದು ತೈಲ ಸೋರಿತು. 2023ರ ಡಿಸೆಂಬರ್‌ನಲ್ಲಿ, ಮಿಚಾಂಗ್ ಚಂಡಮಾರುತದ ಮಳೆ ಬಂದಾಗ, ಎಣ್ಣೂರಿನ ಅಳಿವೆಯೊಳಗೇ ಎಣ್ಣೆ ಹರಡಿತು. ಎರಡು ಸಲವೂ ಜನ ಬಕೆಟ್, ಮಗ್ ಹಿಡಿದು ಎಣ್ಣೆ ಬಾಚಿದರು.

ನಾನು ರಸಾಯನಶಾಸ್ತ್ರ ಹೇಳಿಕೊಡುವವನು. ಮಕ್ಕಳು ಕೇಳೋದು ಒಂದೇ: "ಸಾರ್, ಮರದ ಹೊಟ್ಟು ಸುರಿದ್ರೆ ಆಗಲ್ವಾ?" ಸುರಿಯೋಕೆ ಮೊದಲು ಪರೀಕ್ಷೆ ಮಾಡೋಣ ಅಂತೀನಿ.

ಪರೀಕ್ಷೆ ಸುಲಭ. ಒಣ ವಸ್ತುವನ್ನು ತೂಗಿ, ಎಣ್ಣೆಯಲ್ಲಿ 15 ನಿಮಿಷ ಬಿಡಿ. ಎತ್ತಿ 30 ಸೆಕೆಂಡ್ ಸೋರಲು ಬಿಟ್ಟು ಮತ್ತೆ ತೂಗಿ. 10 ಗ್ರಾಂ ಇದ್ದದ್ದು 60 ಗ್ರಾಂ ಆದರೆ, ತನ್ನ ತೂಕದ ಐದು ಪಟ್ಟು ಎಣ್ಣೆ ಹೀರಿದೆ ಅಂತ ಲೆಕ್ಕ.

ಆದರೆ ಸಮುದ್ರದಲ್ಲಿ ಬರೀ ಎಣ್ಣೆ ಇರಲ್ಲವಲ್ಲ! ಹಾಗಾಗಿ ಇನ್ನೊಂದು ತುಂಡನ್ನು ಬರೀ ನೀರಲ್ಲಿ ಹಾಕಿ ಚೆನ್ನಾಗಿ ಕುಲುಕಬೇಕು. ಇಲ್ಲೇ ಹಲವು ವಸ್ತುಗಳು ಫೇಲ್. ಮರದ ಹೊಟ್ಟು ನೀರು ಕುಡಿದು ಮುಳುಗುತ್ತೆ. ಎಣ್ಣೆ ಹೊತ್ತು ಮುಳುಗಿದರೆ ಏಡಿ, ಸಿಗಡಿ ಇರುವ ತಳಕ್ಕೇ ವಿಷ ಇಳಿಸಿದ ಹಾಗೆ. ಮೆಡಿಕಲ್ ಶಾಪಿನ ಹತ್ತಿಯ ಮೇಣ ತೆಗೆದಿರುತ್ತಾರೆ, ಅದೂ ಮುಳುಗುತ್ತೆ. ದಿಂಬಿಗೆ ತುಂಬುವ ಬಿಳಿ ಬೂರುಗದ ಹತ್ತಿ ಮಾತ್ರ ತೇಲುತ್ತೆ. ಅದರ ನಾರು ಟೊಳ್ಳು, ಮೇಲೆ ಮೇಣದ ಪದರ. ಪಾಲಿಪ್ರೊಪಿಲೀನ್ ಕೂಡ ಹಾಗೆಯೇ ನೀರನ್ನು ದೂರವಿಟ್ಟು ಎಣ್ಣೆ ಹಿಡಿಯುತ್ತೆ. ಮಾರಾಟಕ್ಕೆ ಸಿಗುವ ಹೀರುಹಾಸುಗಳು ಹೆಚ್ಚಾಗಿ ಅದರದ್ದೇ.

ಮೂರನೆಯದು ಎಣ್ಣೆಯ ಗುಣ. ಅಡುಗೆ ಎಣ್ಣೆಯಲ್ಲಿ ಗೆದ್ದದ್ದು ಹಡಗಿನ ಇಂಧನದಲ್ಲಿ ಸೋಲಬಹುದು. 2017ರಲ್ಲಿ ದಡಕ್ಕೆ ಬಂದದ್ದು ಟಾರಿನಂಥ ಗಟ್ಟಿ ರಾಡಿ. ಅಂಥದ್ದು ನಾರಿನ ಒಳಗೆ ಇಳಿಯಲ್ಲ, ಮೇಲೆ ಅಂಟಿಕೊಳ್ಳುತ್ತೆ ಅಷ್ಟೇ. ಅದನ್ನು ಮೊದಲು ಬಾಚಲೇಬೇಕು. ಹೀರುವ ವಸ್ತು ಇರೋದು ಉಳಿದ ತೆಳು ಪದರಕ್ಕೆ.

ಕೊನೆಯ ಪ್ರಶ್ನೆಯನ್ನು ಯಾರೂ ಕೇಳಲ್ಲ: ಎಣ್ಣೆ ಹೀರಿದ್ದನ್ನು ಎಲ್ಲಿ ಹಾಕ್ತೀರಿ? ಅದೂ ಅಪಾಯಕಾರಿ ತ್ಯಾಜ್ಯವೇ. ದಡದಲ್ಲೇ ಬಿಟ್ಟರೆ ಮುಂದಿನ ಮಳೆಗೆ ಮತ್ತೆ ನೀರಿಗೇ. ಹಿಂಡಿ ಮರುಬಳಸಲು ಆಗುತ್ತಾ, ಎತ್ತುವಾಗ ಹರಿಯುತ್ತಾ, ಇವನ್ನೂ ನೋಡಿ ಅಂಕ ಕೊಡಿ. ಬಲೆ ಹಾಕಿ ಬದುಕುವವರ ನೀರಿಗೆ ಏನನ್ನಾದರೂ ಸುರಿಯುವ ಮೊದಲು ಬಕೆಟ್ ನೀರಲ್ಲಿ ಹಾಕಿ ನೋಡೋದು ನಮ್ಮ ಕರ್ತವ್ಯ.

ಪ್ರಶ್ನೆ ಇದ್ದರೆ ಬರೆಯಿರಿ.