ಹೆಸರಿಟ್ಟ ಮೇಲೆ ಬುಡ ಅಗೆಯುವವರಿಲ್ಲ
(ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಅಡಿಕೆ ಮರದ ಗರಿ ಹಳದಿಯಾದೊಡನೆ ‘ಹಳದಿ ಎಲೆ ರೋಗ’ ಎಂದು ತೀರ್ಮಾನಿಸುವವರು ನಮ್ಮಲ್ಲಿ ಬಹಳ. ಬುಡದಲ್ಲಿ ನೀರು ನಿಂತರೂ, ಬೇರುಹುಳು ತಗುಲಿದರೂ, ಪೋಷಕಾಂಶ ಸಾಲದಾದರೂ ಗರಿ ಹಳದಿಯಾಗುತ್ತದೆ. ಆದರೆ ರೋಗಕ್ಕೆ ಮೊದಲೇ ಹೆಸರಿಟ್ಟವನು ಬುಡ ಅಗೆದು ನೋಡುವುದಿಲ್ಲ. ತೋಟದಲ್ಲಿ ಇದರಿಂದ ಮರ ಹೋಗುತ್ತದೆ. ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಮನುಷ್ಯನೇ ಹೋಗುತ್ತಾನೆ. ಹಾಗೆ ಹೋದ ಇಬ್ಬರ ಕುರಿತು ಇಂದು ಹೇಳಬೇಕಾಗಿದೆ. ಇಬ್ಬರೂ ಕೆನಡಾ ದೇಶದ ಮೂಲನಿವಾಸಿಗಳು.

2008ರ ಸೆಪ್ಟೆಂಬರ್ ತಿಂಗಳು. ವಿನಿಪೆಗ್ ನಗರದ 45 ವರ್ಷದ ಬ್ರಯನ್ ಸಿಂಕ್ಲೇರ್ ಅವರಿಗೆ ಮೂತ್ರ ಕಟ್ಟಿತ್ತು. ಎರಡೂ ಕಾಲುಗಳಿಲ್ಲದ ಅವರು ಗಾಲಿಕುರ್ಚಿಯಲ್ಲಿ ಓಡಾಡುತ್ತಿದ್ದರು. ಸಣ್ಣ ಚಿಕಿತ್ಸಾಲಯವೊಂದರ ವೈದ್ಯರು ಪತ್ರ ಬರೆದುಕೊಟ್ಟು ಅವರನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸಿದರು. ಅವರು ಅಲ್ಲಿನ ತುರ್ತು ವಿಭಾಗವನ್ನು ತಲುಪಿ, ಸಿಬ್ಬಂದಿಯೊಡನೆ ಮಾತನಾಡಿ, ಕಾಯುವ ಸ್ಥಳದಲ್ಲಿ ಕುಳಿತರು. 34 ಗಂಟೆಗಳ ನಂತರ ಅದೇ ಕುರ್ಚಿಯಲ್ಲಿ ಅವರು ಸತ್ತಿರುವುದು ಗೊತ್ತಾಯಿತು. ನಡುವೆ ಅವರು ವಾಂತಿ ಮಾಡಿಕೊಂಡರು. ಅಲ್ಲಿದ್ದ ಸಾರ್ವಜನಿಕರು ಸಿಬ್ಬಂದಿಯ ಗಮನಕ್ಕೂ ತಂದರು. ಸಾವಿಗೆ ಕಾರಣ ಮೂತ್ರಕೋಶದ ಸೋಂಕು. ಸಕಾಲದಲ್ಲಿ ಚಿಕಿತ್ಸೆ ದೊರೆತಿದ್ದರೆ ಗುಣವಾಗುವಂಥದ್ದು.

ಮುಂದೆ ವಿಚಾರಣೆಯಲ್ಲಿ ಹೊರಬಂದ ಸಂಗತಿ ಆಲೋಚಿಸತಕ್ಕದ್ದು. ಅವರನ್ನು ಕಂಡ ಕೆಲವು ಸಿಬ್ಬಂದಿ, ಕುಡಿದು ಮಲಗಿದ್ದಾರೆಂದೋ, ಮನೆಯಿಲ್ಲದೆ ಆಶ್ರಯಕ್ಕೆ ಬಂದಿದ್ದಾರೆಂದೋ ಭಾವಿಸಿದ್ದರು. ಯಾರಿಗೂ ಅವರನ್ನು ಕೊಲ್ಲುವ ಉದ್ದೇಶವಿರಲಿಲ್ಲ. ನೋಡಿದೊಡನೆ ಮನಸ್ಸು ಒಂದು ಹೆಸರನ್ನು ಕೊಟ್ಟಿತು. ಪ್ರಶ್ನೆ ಅಲ್ಲಿಗೆ ನಿಂತಿತು. ಇದನ್ನೇ ‘ಅವ್ಯಕ್ತ ಪೂರ್ವಗ್ರಹ’ ಎನ್ನುತ್ತಾರೆ. ದ್ವೇಷವಿಲ್ಲದವರಲ್ಲಿಯೂ, ಒಳ್ಳೆಯವರಲ್ಲಿಯೂ ಇದು ಇರಬಲ್ಲದು. ತುರ್ತು ವಿಭಾಗದಲ್ಲಿ ಜನಸಂದಣಿ ಹೆಚ್ಚು, ಸಮಯ ಕಡಿಮೆ, ದಣಿವು ಬಹಳ. ಅಂಥ ಕಡೆ ಮನಸ್ಸು ವಿಚಾರವನ್ನು ಬಿಟ್ಟು ರೂಢಿಯ ಜಾಡು ಹಿಡಿಯುತ್ತದೆ. ‘ಮೂಲನಿವಾಸಿಯೆಂದರೆ ಕುಡುಕ’ ಎಂಬುದು ಆ ಸಮಾಜದ ಹಳೆಯ ಜಾಡು.

2014ರಲ್ಲಿ ನ್ಯಾಯಾಧೀಶರು 63 ಶಿಫಾರಸುಗಳನ್ನು ನೀಡಿದರು. ಆದರೆ ವಿಚಾರಣೆಯು ಜನಾಂಗಭೇದದ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುತ್ತಿಲ್ಲವೆಂದು ಸಿಂಕ್ಲೇರ್ ಅವರ ಕುಟುಂಬ ಅದೇ ವರ್ಷ ನಡುವೆಯೇ ಹೊರನಡೆದಿತ್ತು.

ಆ ಪ್ರಶ್ನೆ 2020ರ ಸೆಪ್ಟೆಂಬರ್ 28ರಂದು ಮತ್ತೆ ಎದ್ದಿತು. ಕ್ವಿಬೆಕ್ ಪ್ರಾಂತದ ಜೋಲಿಯೆಟ್ ಪಟ್ಟಣದ ಆಸ್ಪತ್ರೆಯಲ್ಲಿ ಅಟಿಕಮೆಕ್ ಸಮುದಾಯದ ಜಾಯ್ಸ್ ಎಚಾಕ್ವಾನ್ ತೀರಿಕೊಂಡರು. ವಯಸ್ಸು 37, ಏಳು ಮಕ್ಕಳ ತಾಯಿ. ಹೊಟ್ಟೆನೋವಿನಿಂದ ದಾಖಲಾಗಿದ್ದ ಅವರನ್ನು ಮಾದಕವಸ್ತುವಿನ ಚಟದವರೆಂದು ಸಿಬ್ಬಂದಿ ಎಣಿಸಿದ್ದರು. ತಮ್ಮನ್ನು ಹೀಯಾಳಿಸುತ್ತಿದ್ದ ಮಾತುಗಳನ್ನು ಆಕೆ ಹಾಸಿಗೆಯಿಂದಲೇ ಫೋನಿನಲ್ಲಿ ನೇರ ಪ್ರಸಾರ ಮಾಡಿದರು. ಶ್ವಾಸಕೋಶದಲ್ಲಿ ನೀರು ತುಂಬಿ ಸಾವು ಸಂಭವಿಸಿತ್ತು. ಈ ಸಾವಿನಲ್ಲಿ ಜನಾಂಗಭೇದ ಮತ್ತು ಪೂರ್ವಗ್ರಹದ ಪಾತ್ರವಿದೆಯೆಂದು 2021ರಲ್ಲಿ ಮರಣ ವಿಚಾರಣಾಧಿಕಾರಿ ಗೇಹಾನ್ ಕಮೆಲ್ ಸ್ಪಷ್ಟವಾಗಿ ಬರೆದರು.

ಇವು ಬಿಡಿ ಘಟನೆಗಳಲ್ಲ. ಬ್ರಿಟಿಷ್ ಕೊಲಂಬಿಯ ಪ್ರಾಂತದ ತನಿಖೆಯೊಂದರ ವರದಿ 2020ರ ನವೆಂಬರ್‌ನಲ್ಲಿ ಹೊರಬಂತು. ಅದರ ಸಮೀಕ್ಷೆಗೆ ಉತ್ತರಿಸಿದ ಮೂಲನಿವಾಸಿಗಳಲ್ಲಿ ಶೇಕಡ 84ರಷ್ಟು ಮಂದಿ ಆರೋಗ್ಯ ಸೇವೆಯಲ್ಲಿ ತಾರತಮ್ಯವನ್ನು ಅನುಭವಿಸಿದ್ದಾಗಿ ಹೇಳಿದ್ದರು. ಇದರ ಫಲವೇನು? ಒಮ್ಮೆ ಅವಮಾನ ಉಂಡವರು ಮತ್ತೊಮ್ಮೆ ಆಸ್ಪತ್ರೆಗೆ ಹೋಗಲು ಹಿಂಜರಿಯುತ್ತಾರೆ. ಕಾಯಿಲೆ ಬಲಿತ ಮೇಲೆ ಹೋಗುತ್ತಾರೆ. ಆಗ ‘ಇವರು ಬರುವುದೇ ತಡವಾಗಿ’ ಎಂಬ ಇನ್ನೊಂದು ಹೆಸರು ಸಿದ್ಧವಾಗಿರುತ್ತದೆ.

ಮಿತ್ರರೇ, ನಮ್ಮ ಕಾಡಂಚಿನ ಸೋಲಿಗರು, ಜೇನುಕುರುಬರು, ಮಲೆಕುಡಿಯರು, ಹಸಲರು ಪೇಟೆಯ ಆಸ್ಪತ್ರೆಯ ಬಾಗಿಲಲ್ಲಿ ನಿಂತಾಗ ಅವರಿಗೆ ಯಾವ ಹೆಸರು ಕಾದಿರುತ್ತದೆ? ಕೆನಡಾದ ಲೆಕ್ಕವನ್ನು ಇಲ್ಲಿಗೆ ಅಂಟಿಸುವುದು ಸಲ್ಲದು. ಆದರೆ ಕೇಳಿಕೊಳ್ಳದೆ ಇರುವುದೂ ಸಲ್ಲದು. ನಮ್ಮ ಆದಿವಾಸಿಗಳಲ್ಲಿ ಕಂಡುಬರುವ ಕುಡುಗೋಲು ಕಣ ರೋಗದಲ್ಲಿ ಹಠಾತ್ತನೆ ತೀವ್ರ ನೋವು ಬರುತ್ತದೆ. ಮೈಮೇಲೆ ಗಾಯವಿರುವುದಿಲ್ಲ. ನೋಡುವವರಿಗೆ ಅದು ನಟನೆಯೆಂದೋ, ಅಮಲೆಂದೋ ತೋರಬಹುದು. ರಕ್ತಪರೀಕ್ಷೆಯಾಗದೆ ನಿಜ ತಿಳಿಯುವುದಿಲ್ಲ.

ಆದ್ದರಿಂದ ‘ಎಲ್ಲರನ್ನೂ ಸಮಾನವಾಗಿ ಕಾಣಿರಿ’ ಎಂಬ ಉಪದೇಶವೊಂದೇ ಸಾಲದು. ತನ್ನ ಪೂರ್ವಗ್ರಹ ತನಗೇ ಕಾಣದಿರುವುದರಿಂದ ಕಣ್ಣಿಗೆ ಕಟ್ಟುಪಾಡು ಬೇಕು. ಬಂದವರ ಹೆಸರು ಮತ್ತು ವೇಳೆ ಪುಸ್ತಕದಲ್ಲಿ ದಾಖಲಾಗಬೇಕು. ನಾಡಿ, ಜ್ವರ, ರಕ್ತದೊತ್ತಡಗಳನ್ನು ಪ್ರತಿಯೊಬ್ಬರಿಗೂ ನೋಡಬೇಕು. ಕಾಯುತ್ತಿರುವವರನ್ನು ಆಗಾಗ ಮಾತನಾಡಿಸಬೇಕು. ನಿದ್ರಿಸಿದಂತೆ ಕಂಡವರನ್ನು ಎಬ್ಬಿಸಿ ನೋಡಬೇಕು. ಕುಡಿದವರಿಗೂ ಕಾಯಿಲೆ ಬರುತ್ತದೆ, ಅವರಿಗೂ ಚಿಕಿತ್ಸೆಯ ಹಕ್ಕಿದೆ ಎಂಬುದನ್ನು ಮರೆಯಬಾರದು.

ನಾವು ಮಾಡಬಹುದಾದದ್ದೂ ಇದೆ. ಹಾಡಿಯಿಂದ ರೋಗಿಯೊಬ್ಬರು ಹೊರಟಾಗ ಓದುಬರಹ ಬಲ್ಲ ಒಬ್ಬರು ಜೊತೆಗೆ ಹೋಗಲಿ. ನೋವು ಯಾವಾಗ, ಎಲ್ಲಿ ಆರಂಭವಾಯಿತೆಂದು ಚೀಟಿಯಲ್ಲಿ ಬರೆದುಕೊಡಲಿ. ಹೆಸರು ದಾಖಲಾಯಿತೇ ಎಂದು ವಿಚಾರಿಸಲಿ. ರೋಗಿಯ ಸ್ಥಿತಿ ಬಿಗಡಾಯಿಸಿದರೆ ಸಂಕೋಚಪಡದೆ ಎದ್ದು ಹೋಗಿ ಮತ್ತೆ ಹೇಳಲಿ. ವಿದ್ಯಾರ್ಥಿಗಳು ಊರೂರಿನಲ್ಲಿ ಈ ಕೆಲಸಕ್ಕೆ ಹೆಸರು ಕೊಡಬೇಕೆಂದು ಕೋರುತ್ತೇನೆ.